ಡಿಸ್ಕ್ ದೊಡ್ಡದಾಯಿತು, ಲಿಂಕ್ ಅಗಲವಾಯಿತು, ಕಾಯುವುದೇಕೆ ತಪ್ಪಲಿಲ್ಲ?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಸಹಕಾರ ಬ್ಯಾಂಕೊಂದರಲ್ಲಿ ಲೆಕ್ಕಿಗನಾಗಿದ್ದೇನೆ. ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಶಾಖೆಯಲ್ಲೇ ಒಂದು ಸರ್ವರ್ ಇತ್ತು. ದಿನದ ಕೊನೆಗೆ ಟೇಪಿನಲ್ಲಿ ಬ್ಯಾಕಪ್ ತೆಗೆದು ತಿಜೋರಿಯಲ್ಲಿ ಇಡುತ್ತಿದ್ದೆವು. ಖಾತೆ ಸಂಖ್ಯೆ ಒತ್ತಿದ ಕೂಡಲೇ ಲೆಡ್ಜರ್ ಪುಟ ತೆರೆದುಕೊಳ್ಳುತ್ತಿತ್ತು. ಈಗ ಎಲ್ಲ ಡೇಟಾ ಮುಂಬೈಯ ಡೇಟಾ ಸೆಂಟರಿನಲ್ಲಿದೆ. ಲಿಂಕಿನ ವೇಗವನ್ನು ಸೆಕೆಂಡಿಗೆ 2 ಮೆಗಾಬಿಟ್, ಅಂದರೆ 2 ಎಂಬಿಪಿಎಸ್‌ನಿಂದ 20ಕ್ಕೆ ಏರಿಸಿದರೂ ಅದೇ ಪುಟ ಬರಲು ಆರೇಳು ಸೆಕೆಂಡ್ ಹಿಡಿಯುತ್ತದೆ. ಡಿಸ್ಕ್, ನೆಟ್‌ವರ್ಕ್ ಎರಡೂ ಇಷ್ಟು ಮುಂದುವರಿದಿರುವಾಗ ಹೀಗೇಕೆ? ಡೇಟಾ ನಮ್ಮ ಕೈಬಿಟ್ಟು ಅಷ್ಟು ದೂರ ಹೋಗಬೇಕಾದ ಅಗತ್ಯವಾದರೂ ಏನಿತ್ತು? ಹಳೆಯ ಟೇಪುಗಳನ್ನು ಇನ್ನೂ ಇಟ್ಟುಕೊಳ್ಳಬೇಕೇ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳ ಬೇರೂ ಒಂದೇ ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಡೇಟಾ ಸಂಗ್ರಹ ಮತ್ತು ಜಾಲಗಳ ಏಳು ದಶಕಗಳ ಚರಿತ್ರೆಯಲ್ಲಿ ಎರಡು ಅಳತೆಗಳು ಬೇರೆಬೇರೆ ದಾರಿ ಹಿಡಿದಿವೆ. ಎಷ್ಟು ಡೇಟಾ ಇಡಬಹುದು, ಒಂದು ಸೆಕೆಂಡಿನಲ್ಲಿ ಎಷ್ಟು ಕಳುಹಿಸಬಹುದು ಎಂಬುದು ಪ್ರಮಾಣದ ಅಳತೆ. ಕೇಳಿದ ಮೇಲೆ ಮೊದಲ ಅಕ್ಷರ ಕೈಗೆ ಸಿಗಲು ಎಷ್ಟು ಹೊತ್ತು ಕಾಯಬೇಕು ಎಂಬುದು ವಿಳಂಬದ ಅಳತೆ. ಪ್ರಮಾಣ ಲಕ್ಷಗಳ ಲೆಕ್ಕದಲ್ಲಿ ಬೆಳೆಯಿತು. ವಿಳಂಬ ಹತ್ತುಗಳ ಲೆಕ್ಕದಲ್ಲಷ್ಟೇ ಇಳಿಯಿತು. ನಿಮ್ಮ ಬ್ಯಾಂಕು ಹಣ ಕೊಟ್ಟು ಹೆಚ್ಚಿಸಿಕೊಂಡದ್ದು ಪ್ರಮಾಣವನ್ನು, ನಿಮ್ಮನ್ನು ಕಾಡುತ್ತಿರುವುದು ವಿಳಂಬ.

ಈ ಕವಲು ಎಲ್ಲಿ ಒಡೆಯಿತೆಂದು ನೋಡಲು 1956ಕ್ಕೆ ಹೋಗಬೇಕು. ಅದಕ್ಕೂ ಮೊದಲು ಯಂತ್ರದಲ್ಲಿ ಲೆಕ್ಕಪತ್ರ ಇಡುವುದೆಂದರೆ ರಂಧ್ರ ಹೊಡೆದ ಕಾರ್ಡುಗಳು, 1950ರ ದಶಕದ ಆರಂಭದಿಂದ ಅವುಗಳ ಜೊತೆಗೆ ಆಯಸ್ಕಾಂತೀಯ ಟೇಪುಗಳು. ಎರಡರಲ್ಲೂ ಡೇಟಾ ಒಂದರ ಹಿಂದೆ ಒಂದರಂತೆ ಸಾಲಾಗಿ ಇರುವುದರಿಂದ, ಒಂದು ಖಾತೆಯ ಬಾಕಿ ತಿಳಿಯಬೇಕಾದರೆ ಅದರ ಹಿಂದಿನ ಖಾತೆಗಳನ್ನೆಲ್ಲ ದಾಟಿಯೇ ಹೋಗಬೇಕಿತ್ತು. ಆದ್ದರಿಂದ ದಿನವಿಡೀ ಬಂದ ವಹಿವಾಟುಗಳನ್ನು ಖಾತೆ ಸಂಖ್ಯೆಯ ಕ್ರಮದಲ್ಲಿ ವಿಂಗಡಿಸಿಕೊಂಡು, ಒಂದೇ ಓಟದಲ್ಲಿ ಎಲ್ಲವನ್ನೂ ಖಾತೆಗಳಿಗೆ ಏರಿಸುವ ಪದ್ಧತಿ ಬೆಳೆಯಿತು. ನೀವು ಇಂದಿಗೂ ಸಂಜೆ ನಡೆಸುವ ಡೇ-ಎಂಡ್ ಪ್ರಕ್ರಿಯೆ ಆ ಕಾಲದ ಪದ್ಧತಿಯದೇ ಮುಂದುವರಿಕೆ.

1956ರ ಸೆಪ್ಟೆಂಬರಿನಲ್ಲಿ ಐಬಿಎಂ ಪ್ರಕಟಿಸಿದ ರಾಮ್ಯಾಕ್ ಕಂಪ್ಯೂಟರ್ ಈ ಸಾಲನ್ನು ಮುರಿಯಿತು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿ ರೆನಾಲ್ಡ್ ಜಾನ್ಸನ್ ಅವರ ತಂಡ ರೂಪಿಸಿದ ಅದರ ಡಿಸ್ಕ್ ಘಟಕದಲ್ಲಿ ಎರಡು ಅಡಿ ಅಗಲದ 50 ತಟ್ಟೆಗಳು ಒಂದರ ಮೇಲೊಂದು ಕೂತು ನಿಮಿಷಕ್ಕೆ 1,200 ಸುತ್ತು ತಿರುಗುತ್ತಿದ್ದವು. ಘಟಕದ ತೂಕ ಒಂದು ಟನ್ನಿಗೂ ಹೆಚ್ಚು. ಅದರಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳು, ಇಂದಿನ ಲೆಕ್ಕದಲ್ಲಿ 3.75 ಮೆಗಾಬೈಟ್. ಅಷ್ಟೂ ತಟ್ಟೆಗಳಿಗೆ ಓದುವ ತೋಳು ಮಾತ್ರ ಒಂದೇ. ಮೇಲಿನ ತಟ್ಟೆಯಿಂದ ಕೆಳಗಿನ ತಟ್ಟೆಗೆ ಹೋಗಬೇಕಾದರೆ ಆ ತೋಳು ತಟ್ಟೆಗಳ ಸಂದಿನಿಂದ ಪೂರ್ತಿ ಹೊರಬಂದು, ಕಂಬದ ಗುಂಟ ಕೆಳಗಿಳಿದು, ಮತ್ತೆ ಸಂದಿನೊಳಗೆ ಸರಿದು, ಬೇಕಾದ ಟ್ರ್ಯಾಕಿನ (ಡೇಟಾ ಬರೆದ ವರ್ತುಲದ) ಮೇಲೆ ನಿಲ್ಲಬೇಕಿತ್ತು. ಇದಕ್ಕೆ ಸರಾಸರಿ 600 ಮಿಲಿಸೆಕೆಂಡ್ ಹಿಡಿಯುತ್ತಿತ್ತು. ಸಾವಿರಾರು ಖಾತೆಗಳಲ್ಲಿ ಯಾವುದನ್ನು ಕೇಳಿದರೂ ಒಂದು ಸೆಕೆಂಡಿನೊಳಗೆ ಉತ್ತರ ಬರುತ್ತದೆ ಎಂಬುದು ಅಂದಿನ ಲೆಕ್ಕಪತ್ರ ವಿಭಾಗಗಳಿಗೆ ಹಿಂದೆಂದೂ ದೊರಕದ ಸೌಲಭ್ಯ.

ಈಗ ಇಂದಿನ ಡಿಸ್ಕನ್ನು ಅದರ ಪಕ್ಕ ಇಟ್ಟು ನೋಡೋಣ. 2024ರಲ್ಲಿ ಸೀಗೇಟ್ ಕಂಪನಿ 30 ಟೆರಾಬೈಟಿನ ಹಾರ್ಡ್ ಡಿಸ್ಕುಗಳನ್ನು ಡೇಟಾ ಸೆಂಟರುಗಳಿಗೆ ಒದಗಿಸತೊಡಗಿತು. ಒಂದು ಕೈಯಲ್ಲಿ ಹಿಡಿಯಬಹುದಾದ ಆ ಪೆಟ್ಟಿಗೆಯ ಸಾಮರ್ಥ್ಯ ರಾಮ್ಯಾಕ್‌ನ 80 ಲಕ್ಷ ಪಟ್ಟು. ಆದರೆ ಅದರಲ್ಲಿ ಎಲ್ಲೋ ಇರುವ ಒಂದು ದಾಖಲೆಯನ್ನು ಹುಡುಕಿ ತಲುಪಲು ಈಗಲೂ ಸರಾಸರಿ 12 ಮಿಲಿಸೆಕೆಂಡಿನಷ್ಟು ಬೇಕು; ಅಂದರೆ ಕಾಯುವ ಹೊತ್ತು ಇಳಿದದ್ದು ಸುಮಾರು 50 ಪಟ್ಟು ಮಾತ್ರ. ಕಾರಣ ಸರಳವಾಗಿದೆ. ತಟ್ಟೆ ನಿಮಿಷಕ್ಕೆ 7,200 ಸುತ್ತು ತಿರುಗಿದರೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ಆಗುತ್ತದೆ, ಬೇಕಾದ ಸೆಕ್ಟರ್ (ಟ್ರ್ಯಾಕಿನ ಒಂದು ತುಂಡು) ತೋಳಿನ ತುದಿಯಲ್ಲಿ ಓದುವ ಹೆಡ್ಡಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಲೇಬೇಕು, ಅದಕ್ಕೂ ಮೊದಲು ತೋಳು ಸರಿಯಾದ ಟ್ರ್ಯಾಕಿಗೆ ಸರಿಯಬೇಕು. 2000ದ ಹೊತ್ತಿಗೆ ನಿಮಿಷಕ್ಕೆ 15,000 ಸುತ್ತಿನ ಡಿಸ್ಕುಗಳು ಬಂದವು, ಬ್ಯಾಂಕುಗಳ ದೊಡ್ಡ ಸರ್ವರುಗಳಲ್ಲಿ ಬಳಕೆಯಾದವು. ಆದರೆ ಅದಕ್ಕಿಂತ ವೇಗವಾಗಿ ತಿರುಗಿಸಲು ಹೋದರೆ ಶಾಖ, ಕಂಪನ, ವಿದ್ಯುತ್ ಖರ್ಚು ಎಲ್ಲವೂ ಮಿತಿ ಮೀರುವುದರಿಂದ ಆ ದಾರಿ ಅಲ್ಲಿಗೇ ನಿಂತಿತು.

ಸಾಮರ್ಥ್ಯದ ದಾರಿ ಹಾಗೆ ನಿಲ್ಲದಿರಲು ಭೌತವಿಜ್ಞಾನಿಗಳ ಶ್ರಮ ಕಾರಣ, ಅದನ್ನು ನಾವು ಸಾಕಷ್ಟು ನೆನೆಯುವುದಿಲ್ಲ ಎಂಬುದು ನನ್ನ ಅನಿಸಿಕೆ. 1973ರಲ್ಲಿ ಐಬಿಎಂ ತಂದ ವಿಂಚೆಸ್ಟರ್ ಮಾದರಿಯಲ್ಲಿ ತಟ್ಟೆ ಮತ್ತು ಹೆಡ್ ಎರಡನ್ನೂ ಧೂಳು ನುಗ್ಗದ ಒಂದೇ ಕವಚದೊಳಗೆ ಸೇರಿಸಿದ್ದರಿಂದ ಹಗುರವಾದ ಹೆಡ್ಡುಗಳು ತಟ್ಟೆಗೆ ಇನ್ನಷ್ಟು ಹತ್ತಿರ ತೇಲಲು ಸಾಧ್ಯವಾಯಿತು. 1988ರಲ್ಲಿ ಫ್ರಾನ್ಸಿನ ಆಲ್ಬರ್ಟ್ ಫೆರ್ಟ್ ಮತ್ತು ಜರ್ಮನಿಯ ಪೀಟರ್ ಗ್ರೂನ್‌ಬರ್ಗ್ ಪ್ರತ್ಯೇಕವಾಗಿ ಕಂಡುಕೊಂಡ ಒಂದು ವಿದ್ಯಮಾನದಲ್ಲಿ, ಕೆಲವೇ ಪರಮಾಣು ದಪ್ಪದ ಲೋಹದ ಪದರಗಳ ವಿದ್ಯುತ್ ರೋಧ ಅತ್ಯಲ್ಪ ಆಯಸ್ಕಾಂತ ಕ್ಷೇತ್ರಕ್ಕೂ ಬಹಳವಾಗಿ ಬದಲಾಗುತ್ತಿತ್ತು. ಒಂಬತ್ತೇ ವರ್ಷಗಳಲ್ಲಿ, 1997ರಲ್ಲಿ, ಅದು ಮಾರುಕಟ್ಟೆಯ ಡಿಸ್ಕುಗಳ ಹೆಡ್ಡಿನೊಳಗೆ ಸೇರಿತು. 2007ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂದಿತು. ಮುಂದಿನ ಅಡ್ಡಿ ಬೇರೆಯದೇ ಆಗಿತ್ತು: ಬಿಟ್ಟುಗಳನ್ನು ಕಿರಿದಾಗಿಸುತ್ತ ಹೋದಂತೆ ಒಂದು ಹಂತದಲ್ಲಿ ಆಯಸ್ಕಾಂತೀಯ ಕಣಗಳು ಸಾಮಾನ್ಯ ಉಷ್ಣತೆಯಲ್ಲೇ ತಮ್ಮ ದಿಕ್ಕನ್ನು ಕಳೆದುಕೊಳ್ಳುತ್ತವೆ. ಜಪಾನಿನ ಶುನಿಚಿ ಇವಾಸಾಕಿ 1970ರ ದಶಕದಿಂದಲೇ ಪ್ರತಿಪಾದಿಸುತ್ತಿದ್ದ, ಬಿಟ್ಟುಗಳನ್ನು ಮಲಗಿಸದೆ ನಿಲ್ಲಿಸಿ ಬರೆಯುವ ವಿಧಾನವನ್ನು 2005ರಲ್ಲಿ ತೋಶಿಬಾ ಬಳಕೆಗೆ ತಂದಾಗ ಆ ಅಡ್ಡಿ ಮುಂದೆ ಸರಿಯಿತು. ಈಗಿನ 30 ಟೆರಾಬೈಟಿನ ಡಿಸ್ಕುಗಳಲ್ಲಿ ಬರೆಯುವ ಚುಕ್ಕೆಯನ್ನು ಲೇಸರಿನಿಂದ ಕ್ಷಣಾರ್ಧದಲ್ಲಿ ಕಾಯಿಸಿ, ಬರೆದು, ತಣಿಯಲು ಬಿಡುತ್ತಾರೆ. ಇಷ್ಟೆಲ್ಲ ಆದರೂ ತಟ್ಟೆ ತಿರುಗುವುದು ಮತ್ತು ತೋಳು ಸರಿಯುವುದು ಹಾಗೆಯೇ ಉಳಿದಿದೆ.

ಇದರ ಪರಿಣಾಮವೊಂದನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ, ಆದರೆ ನಿಮ್ಮ ಡೇಟಾ ಮುಂಬೈ ಸೇರಿದ್ದಕ್ಕೆ ಅದೇ ಒಂದು ಮುಖ್ಯ ಕಾರಣ. ರಾಮ್ಯಾಕ್‌ನ ಡಿಸ್ಕ್ ಸೆಕೆಂಡಿಗೆ 8,800 ಅಕ್ಷರಗಳನ್ನು ಓದುತ್ತಿತ್ತು. ತುಂಬಿದ ಡಿಸ್ಕನ್ನು ಆ ವೇಗದಲ್ಲಿ ಮೊದಲಿಂದ ಕೊನೆಯವರೆಗೆ ಓದಲು ಹತ್ತು ನಿಮಿಷ ಸಾಕು. 30 ಟೆರಾಬೈಟಿನ ಡಿಸ್ಕ್ ಸೆಕೆಂಡಿಗೆ 270 ಮೆಗಾಬೈಟಿನಂತೆ ಎಡೆಬಿಡದೆ ಓದಿದರೂ 30 ಗಂಟೆಗಿಂತ ಹೆಚ್ಚು ಬೇಕು. ಅಂದರೆ ಡಿಸ್ಕ್ ದೊಡ್ಡದಾದಷ್ಟೂ ಅದನ್ನು ಖಾಲಿ ಮಾಡುವುದು ಕಷ್ಟವಾಗುತ್ತ ಬಂದಿದೆ. ಡಿಸ್ಕ್ ಕೆಡುವುದು ಯಾವತ್ತೂ ಇದ್ದದ್ದೇ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ 1988ರಲ್ಲಿ ಮಂಡಿಸಿದ ರೇಡ್ ಎಂಬ ವ್ಯವಸ್ಥೆಯಲ್ಲಿ ಹಲವು ಅಗ್ಗದ ಡಿಸ್ಕುಗಳನ್ನು ಒಟ್ಟುಗೂಡಿಸಿ, ಒಂದು ಹೋದರೂ ಉಳಿದವುಗಳಿಂದ ಅದರ ಡೇಟಾವನ್ನು ಲೆಕ್ಕಹಾಕಿ ಮರಳಿ ಪಡೆಯಬಹುದು. ನಿಮ್ಮ ಶಾಖೆಯ ಹಳೆಯ ಸರ್ವರಿನಲ್ಲಿ ಒಂದೇ ಡೇಟಾವನ್ನು ಎರಡು ಡಿಸ್ಕುಗಳ ಮೇಲೆ ಬರೆಯುವ ಮಿರರಿಂಗ್ ಇದ್ದಿರಬಹುದು; ಅದು ರೇಡ್ ಪದ್ಧತಿಯ ಅತ್ಯಂತ ಸರಳ ರೂಪ. ಕೆಟ್ಟ ಡಿಸ್ಕಿನ ಜಾಗಕ್ಕೆ ಹೊಸದನ್ನು ಹಾಕಿ ಮರಳಿ ತುಂಬಿಸುವ ಕೆಲಸ ಒಂದೆರಡು ಗಂಟೆಯದಾಗಿದ್ದಾಗ ಇದು ಚೆನ್ನಾಗಿ ನಡೆಯಿತು. ಆ ಕೆಲಸ ದಿನಗಟ್ಟಲೆ ಹಿಡಿಯತೊಡಗಿದಾಗ, ಅಷ್ಟರೊಳಗೆ ಇನ್ನೊಂದು ಡಿಸ್ಕ್ ಕೆಡುವ ಅಪಾಯ ನಿಜವಾಯಿತು.

ಇದಕ್ಕೆ ಸಿಕ್ಕ ಪರಿಹಾರ ಡಿಸ್ಕಿನೊಳಗಿನದಲ್ಲ, ಜಾಲದ್ದು. ಗೂಗಲ್ 2003ರಲ್ಲಿ ತನ್ನ ಕಡತ ವ್ಯವಸ್ಥೆಯ ವಿವರಗಳನ್ನು ಪ್ರಕಟಿಸಿತು. ಅದರಲ್ಲಿ ಪ್ರತಿಯೊಂದು ಕಡತವನ್ನು 64 ಮೆಗಾಬೈಟಿನ ತುಣುಕುಗಳಾಗಿ ಮಾಡಿ, ಪ್ರತಿ ತುಣುಕಿನ ಮೂರು ಪ್ರತಿಗಳನ್ನು ಮೂರು ಬೇರೆ ಯಂತ್ರಗಳಲ್ಲಿ ಇಡಲಾಗುತ್ತಿತ್ತು. ಒಂದು ಯಂತ್ರ ಸತ್ತರೆ ಅದರಲ್ಲಿದ್ದ ಸಾವಿರಾರು ತುಣುಕುಗಳ ಉಳಿದ ಪ್ರತಿಗಳು ನೂರಾರು ಯಂತ್ರಗಳಲ್ಲಿ ಚದುರಿರುತ್ತವೆ. ಅವೆಲ್ಲವೂ ಏಕಕಾಲಕ್ಕೆ ಸ್ವಲ್ಪ ಸ್ವಲ್ಪವನ್ನೇ ನಕಲು ಮಾಡುವುದರಿಂದ, ಒಂದು ಡಿಸ್ಕಿಗೆ ದಿನಗಳು ಹಿಡಿಯುವ ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ. ಮೂರು ಪೂರ್ಣ ಪ್ರತಿಗಳ ಬದಲು ಗಣಿತದ ನೆರವಿನಿಂದ ಇನ್ನೂ ಕಡಿಮೆ ಜಾಗದಲ್ಲಿ ಇದನ್ನೇ ಸಾಧಿಸುವ ವಿಧಾನಗಳೂ ಇಂದು ಸಾಮಾನ್ಯವಾಗಿವೆ. 2006ರ ಮಾರ್ಚಿನಲ್ಲಿ ಅಮೆಜಾನ್ ತನ್ನ ಎಸ್3 ಸೇವೆಯ ಮೂಲಕ ಇಂತಹ ಸಂಗ್ರಹವನ್ನು ಬಾಡಿಗೆಗೆ ಕೊಡಲು ಆರಂಭಿಸಿತು. ಕ್ಲೌಡ್ ಎಂದು ನಾವು ಕರೆಯುವ ವ್ಯವಸ್ಥೆ ಜನಸಾಮಾನ್ಯರ ಬಳಕೆಗೆ ಬಂದದ್ದು ಅಲ್ಲಿಂದ ಎನ್ನಬಹುದು. ಇದೆಲ್ಲ ನಡೆಯಬೇಕಾದರೆ ಯಂತ್ರಗಳ ನಡುವಿನ ಜಾಲ ಡಿಸ್ಕಿನಷ್ಟೇ ವೇಗವಾಗಿರಬೇಕು, ಸಾಧ್ಯವಾದರೆ ಅದನ್ನು ಮೀರಿರಬೇಕು.

ಜಾಲದ ಕಥೆಯೂ ಪ್ರಮಾಣ ಮತ್ತು ವಿಳಂಬಗಳ ಇದೇ ಕವಲಿನ ಮೇಲೆ ನಡೆದಿದೆ. 1969ರ ಅಕ್ಟೋಬರ್ 29ರಂದು ಲಾಸ್ ಏಂಜಲಿಸ್‌ನ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ, ಅಂತರ್ಜಾಲದ ಪೂರ್ವಜವಾದ ಅರ್ಪಾನೆಟ್‌ನ ಮೊದಲ ಸಂದೇಶ ಹೋದಾಗ ಆ ಲೈನಿನ ವೇಗ ಸೆಕೆಂಡಿಗೆ 50 ಕಿಲೋಬಿಟ್. ಇಂದಿನ ಡೇಟಾ ಸೆಂಟರುಗಳಲ್ಲಿ ಒಂದೊಂದು ಈಥರ್ನೆಟ್ ಲಿಂಕೂ ಸೆಕೆಂಡಿಗೆ 400 ಗಿಗಾಬಿಟ್ ಒಯ್ಯಬಲ್ಲದು. ಲೆಕ್ಕ ಹಾಕಿದರೆ ಇದೂ 80 ಲಕ್ಷ ಪಟ್ಟಿನ ಏರಿಕೆಯೇ. ಡಿಸ್ಕಿನ ಸಾಮರ್ಥ್ಯ ಮತ್ತು ಲೈನಿನ ವೇಗ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕುಶಲತೆಗಳು, ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಏರಿರುವುದು ನನಗೆ ಪ್ರತಿ ಬಾರಿಯೂ ಬೆರಗು ಹುಟ್ಟಿಸುತ್ತದೆ.

ನಿಮ್ಮ ಶಾಖೆಯೊಳಗಿನ ಜಾಲದ ಮೂಲ ಝೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿದೆ. ಅಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ 1973ರಲ್ಲಿ ಈಥರ್ನೆಟ್ ಕೆಲಸ ಆರಂಭಿಸಿದರು. ಹವಾಯಿ ದ್ವೀಪಗಳ ಅಲೋಹಾ ರೇಡಿಯೊ ಜಾಲದಿಂದ ಪ್ರೇರಣೆ ಪಡೆದ ಆ ವ್ಯವಸ್ಥೆಯಲ್ಲಿ ಎಲ್ಲ ಯಂತ್ರಗಳೂ ಒಂದೇ ಕೇಬಲ್ಲಿಗೆ ತಗುಲಿಕೊಂಡಿದ್ದವು. ಕೇಬಲ್ ಸುಮ್ಮನಿದೆಯೇ ಎಂದು ಆಲಿಸಿ ಮಾತನಾಡುವುದು, ಇಬ್ಬರು ಒಟ್ಟಿಗೆ ಮಾತನಾಡಿ ಘರ್ಷಣೆಯಾದರೆ ಇಬ್ಬರೂ ಸುಮ್ಮನಾಗಿ ತಮಗೆ ತೋಚಿದಷ್ಟು ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸುವುದು ಅದರ ನಿಯಮ. ಆಗಿನ ವೇಗ ಸೆಕೆಂಡಿಗೆ 2.94 ಮೆಗಾಬಿಟ್. ಆ ಒಂಟಿ ಕೇಬಲ್ ಹೋಗಿ, ಪ್ರತಿ ಮೇಜಿನಿಂದಲೂ ಸ್ವಿಚ್ಚಿಗೆ ಪ್ರತ್ಯೇಕ ತಂತಿ ಬಂದ ಮೇಲೆ ಘರ್ಷಣೆಯ ಪ್ರಶ್ನೆಯೇ ಉಳಿಯಲಿಲ್ಲ. ನಿಮ್ಮ ಪಾಲಿಗೆ ಮುಖ್ಯವಾದ ಸಂಗತಿಯೆಂದರೆ, ಇಂತಹ ಜಾಲದಲ್ಲಿ ಮೇಜಿನಿಂದ ಅದೇ ಕಟ್ಟಡದ ಸರ್ವರಿಗೆ ಒಂದು ಪ್ರಶ್ನೆ ಹೋಗಿ ಉತ್ತರ ಬರಲು ಅರ್ಧ ಮಿಲಿಸೆಕೆಂಡಿನಷ್ಟೇ ಸಾಕು. ನಿಮ್ಮ ಹಳೆಯ ಲೆಡ್ಜರ್ ತಂತ್ರಾಂಶವನ್ನು ಬರೆದವರು ಈ ಅರ್ಧ ಮಿಲಿಸೆಕೆಂಡನ್ನು ನೆಚ್ಚಿಕೊಂಡು ಬರೆದಿರುತ್ತಾರೆ.

ಕಟ್ಟಡದ ಹೊರಗೆ ಹೋದಾಗ ವಿಳಂಬದ ಜೊತೆಗೆ ದಟ್ಟಣೆಯೂ ಸೇರಿಕೊಳ್ಳುತ್ತದೆ. 1983ರ ಜನವರಿ 1ರಂದು ಅರ್ಪಾನೆಟ್ ಇಂದಿನ ಅಂತರ್ಜಾಲದ ಭಾಷೆಯಾದ ಟಿಸಿಪಿ/ಐಪಿಗೆ ಬದಲಾಯಿತು. ಮೂರು ವರ್ಷಗಳ ನಂತರ, 1986ರ ಅಕ್ಟೋಬರಿನಲ್ಲಿ, ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ನಡುವೆ ಸೆಕೆಂಡಿಗೆ 32 ಸಾವಿರ ಬಿಟ್ ಸಾಗುತ್ತಿದ್ದ ಡೇಟಾ ಏಕಾಏಕಿ 40 ಬಿಟ್‌ಗೆ ಕುಸಿಯಿತು. ಎರಡೂ ಜಾಗಗಳ ನಡುವಿನ ದೂರ 400 ಗಜ. ಕಾಗದದಲ್ಲಿ ಬರೆದುಕೊಂಡು ನಡೆದು ಹೋಗಿ ಕೊಟ್ಟರೂ ಬೇಗ ತಲುಪುತ್ತಿತ್ತು. ಲೈನಿನಲ್ಲಿ ಯಾವ ದೋಷವೂ ಇರಲಿಲ್ಲ. ಪ್ಯಾಕೆಟ್ (ಜಾಲದಲ್ಲಿ ಸಾಗುವ ಡೇಟಾದ ಒಂದು ತುಂಡು) ತಲುಪದಿದ್ದಾಗ ಪ್ರತಿ ಯಂತ್ರವೂ ಅದನ್ನೇ ಮತ್ತೆ ಕಳುಹಿಸುತ್ತಿತ್ತು, ಹಾಗೆ ಕಳುಹಿಸಿದ್ದರಿಂದಲೇ ದಾರಿ ಮತ್ತಷ್ಟು ಕಟ್ಟಿಕೊಂಡು ಇನ್ನಷ್ಟು ಪ್ಯಾಕೆಟ್ಟುಗಳು ಕಳೆದುಹೋಗುತ್ತಿದ್ದವು. ಅಲ್ಲಿ ಕೆಲಸ ಮಾಡುತ್ತಿದ್ದ ವ್ಯಾನ್ ಜೇಕಬ್‌ಸನ್ 1988ರಲ್ಲಿ ಇದಕ್ಕೆ ಮದ್ದು ಸೂಚಿಸಿದರು. ಹೊಸ ಸಂಪರ್ಕದಲ್ಲಿ ಮೊದಲು ಸ್ವಲ್ಪವೇ ಕಳುಹಿಸಿ, ತಲುಪಿದ ಸೂಚನೆ ಬಂದಂತೆಲ್ಲ ಹೆಚ್ಚಿಸಿಕೊಂಡು, ಪ್ಯಾಕೆಟ್ ಕಳೆದುಹೋದ ಕೂಡಲೇ ಕಳುಹಿಸುವುದನ್ನು ತಗ್ಗಿಸಬೇಕು ಎಂಬುದು ಅದರ ಸಾರ. ಇಂದಿಗೂ ಅಂತರ್ಜಾಲ ಕುಸಿಯದೆ ನಡೆಯುತ್ತಿರುವುದು ಬಹುಮಟ್ಟಿಗೆ ಈ ಸಂಯಮದಿಂದ. ಆದರೆ ಇದಕ್ಕೊಂದು ಬೆಲೆಯೂ ಇದೆ: ಪ್ರತಿ ಹೊಸ ಸಂಪರ್ಕವೂ ಪೂರ್ಣ ವೇಗ ಮುಟ್ಟುವ ಮೊದಲು ಹಲವು ಬಾರಿ ಹೋಗಿಬಂದು ಮಾಡಬೇಕು, ಚಿಕ್ಕ ಕೆಲಸಗಳು ಆ ವೇಗ ಮುಟ್ಟುವ ಮೊದಲೇ ಮುಗಿದುಹೋಗುತ್ತವೆ.

ದೂರದ ಹಾದಿಯನ್ನು ಅಗಲಗೊಳಿಸಿದ್ದು ಗಾಜಿನ ಎಳೆ. ಚಾರ್ಲ್ಸ್ ಕಾವ್ 1966ರಲ್ಲಿ, ಗಾಜಿನಲ್ಲಿರುವ ಕಲ್ಮಶವನ್ನು ತೆಗೆದರೆ ಬೆಳಕು ಅದರಲ್ಲಿ ಬಹುದೂರ ಸಾಗಬಲ್ಲದು ಎಂದು ತೋರಿಸಿದರು, 1970ರಲ್ಲಿ ಕಾರ್ನಿಂಗ್ ಕಂಪನಿ ಅಂತಹ ಗಾಜನ್ನು ಎಳೆಯಿತು, 1988ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಮೊದಲ ಆಪ್ಟಿಕಲ್ ಫೈಬರ್ ಕೇಬಲ್ ಕೆಲಸ ಆರಂಭಿಸಿತು. ಆಮೇಲೆ ಒಂದೇ ಎಳೆಯಲ್ಲಿ ಹಲವು ಬಣ್ಣಗಳ ಬೆಳಕನ್ನು ಒಟ್ಟಿಗೆ ಕಳುಹಿಸುವ ತಂತ್ರ ಬಂದು ಪ್ರಮಾಣಕ್ಕೆ ಮಿತಿಯೇ ಇಲ್ಲವೇನೋ ಎನ್ನುವಂತಾಯಿತು. ಬೆಳಕಿನ ವೇಗವನ್ನು ಮಾತ್ರ ಯಾರೂ ಬದಲಿಸಲಾರರು. ಗಾಜಿನಲ್ಲಿ ಅದು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್.

ಕರ್ನಾಟಕದಲ್ಲಿ ದೂರದ ಡೇಟಾ ಲಿಂಕಿನ ಅನುಭವ ಫೈಬರಿಗಿಂತ ಮೊದಲು ಉಪಗ್ರಹದಿಂದ ಆಯಿತು. 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತನ್ನ ಕಚೇರಿಯಿಂದ ಅಮೆರಿಕಕ್ಕೆ ಉಪಗ್ರಹದ ಮೂಲಕ ಸ್ವಂತ ಲಿಂಕ್ ಹಾಕಿಕೊಂಡಿತು. 1986ರಲ್ಲಿ ಆರಂಭವಾದ ಅರ್ನೆಟ್ ಎಂಬ ಶಿಕ್ಷಣ ಮತ್ತು ಸಂಶೋಧನಾ ಜಾಲದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲುದಾರನಾಗಿತ್ತು. ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು, ಆಗ ಸರ್ಕಾರಿ ದೂರಸಂಪರ್ಕ ಕಂಪನಿಯಾಗಿದ್ದ ವಿಎಸ್‌ಎನ್‌ಎಲ್ ಮೂಲಕ. ಭೂಸ್ಥಿರ ಉಪಗ್ರಹ 35,786 ಕಿಲೋಮೀಟರ್ ಎತ್ತರದಲ್ಲಿರುವುದರಿಂದ ಅದರ ಮೂಲಕ ಒಂದು ಪ್ರಶ್ನೆ ಹೋಗಿ ಉತ್ತರ ಬರಲು ಅರ್ಧ ಸೆಕೆಂಡಿನ ಆಸುಪಾಸು ಬೇಕೇ ಬೇಕು. ವಿ-ಸ್ಯಾಟ್ ಎಂಬ ಚಿಕ್ಕ ಉಪಗ್ರಹ ಡಿಶ್ಶಿನ ಮೇಲೆ ನಡೆಯುವ ಗ್ರಾಮೀಣ ಶಾಖೆಗಳಲ್ಲಿ ಕೆಲಸ ಮಾಡಿದವರಿಗೆ ಆ ಅರ್ಧ ಸೆಕೆಂಡ್ ಏನು ಮಾಡುತ್ತದೆ ಎಂಬುದು ಚೆನ್ನಾಗಿ ಗೊತ್ತು.

ಈಗ ನಿಮ್ಮ ಲೆಡ್ಜರ್ ಪುಟಕ್ಕೆ ಬರೋಣ. ಶಿವಮೊಗ್ಗದಿಂದ ಬೆಂಗಳೂರಿನ ಮೂಲಕ ಮುಂಬೈಗೆ ಫೈಬರ್ ಹಾದಿ ಸುಮಾರು 1,300 ಕಿಲೋಮೀಟರ್ ಎಂದಿಟ್ಟುಕೊಂಡರೆ, ಬೆಳಕು ಹೋಗಿಬರಲು 13 ಮಿಲಿಸೆಕೆಂಡ್ ಬೇಕು. ದಾರಿಯ ರೌಟರುಗಳು, ಎನ್‌ಕ್ರಿಪ್ಷನ್, ಶಾಖೆಯಿಂದ ಎಕ್ಸ್‌ಚೇಂಜಿನವರೆಗಿನ ಕೊನೆಯ ತುಂಡು ಎಲ್ಲ ಸೇರಿ 25ರಿಂದ 30 ಮಿಲಿಸೆಕೆಂಡ್ ಆಗುವುದು ಸಹಜ. ಶಾಖೆಯ ಸರ್ವರಿಗಾಗಿ ಬರೆದ ತಂತ್ರಾಂಶ ಒಂದು ಪುಟ ತೋರಿಸಲು ಗ್ರಾಹಕರ ಹೆಸರಿಗೆ ಒಮ್ಮೆ, ಸಹಿಗೆ ಒಮ್ಮೆ, ನಾಮಿನಿಗೆ ಒಮ್ಮೆ, ಪ್ರತಿ ನಮೂದಿಗೂ ಒಂದೊಂದು ಬಾರಿ ಎಂದು 200 ಸಣ್ಣ ಪ್ರಶ್ನೆಗಳನ್ನು, ಒಂದಕ್ಕೆ ಉತ್ತರ ಬಂದ ಮೇಲೆ ಇನ್ನೊಂದರಂತೆ, ಕೇಳುತ್ತಿದೆ ಎಂದುಕೊಳ್ಳಿ. ಅರ್ಧ ಮಿಲಿಸೆಕೆಂಡಿನ ಸ್ಥಳೀಯ ಜಾಲದಲ್ಲಿ ಅದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. 30 ಮಿಲಿಸೆಕೆಂಡಿನ ಲಿಂಕಿನಲ್ಲಿ ಪೂರ್ತಿ 6 ಸೆಕೆಂಡ್. ಪುಟದ ಒಟ್ಟು ಡೇಟಾ 100 ಕಿಲೋಬೈಟ್, ಅಂದರೆ 800 ಕಿಲೋಬಿಟ್ ಇದ್ದರೆ 2 ಎಂಬಿಪಿಎಸ್‌ನಲ್ಲಿ ಅದು ಸಾಗಲು 0.4 ಸೆಕೆಂಡ್, 20 ಎಂಬಿಪಿಎಸ್‌ನಲ್ಲಿ 0.04 ಸೆಕೆಂಡ್. ಲಿಂಕನ್ನು ಹತ್ತು ಪಟ್ಟು ಮಾಡಿದ್ದರಿಂದ ಆದ ಉಳಿತಾಯ ಸೆಕೆಂಡಿನ ಮೂರನೇ ಒಂದು ಭಾಗವಷ್ಟೇ. ಉಳಿದ ಆರು ಸೆಕೆಂಡಿಗೆ ಅದು ಮುಟ್ಟುವುದೂ ಇಲ್ಲ. ಕೌಂಟರಿನಲ್ಲಿ ಕುಳಿತವರು "ಸರ್ವರ್ ಸ್ಲೋ" ಎಂದು ಹೇಳಬೇಕಾಗಿ ಬರುವ ಸಂದರ್ಭಗಳಲ್ಲಿ ಸರ್ವರ್ ಸುಮ್ಮನೆ ಕುಳಿತು ಮುಂದಿನ ಪ್ರಶ್ನೆಗೆ ಕಾಯುತ್ತಿರುವುದು ಅಪರೂಪವಲ್ಲ.

ಹಾಗಾದರೆ ದೋಷ ದೂರದ ಡಿಸ್ಕಿನದೇ ಎಂದು ಕೇಳಬಹುದು. ಬಹುಪಾಲು ಅಲ್ಲ. ತೋಳು, ತಟ್ಟೆ ಎರಡೂ ಇಲ್ಲದ ಫ್ಲಾಶ್ ಸ್ಮೃತಿಯನ್ನು ತೋಶಿಬಾದ ಫುಜಿಯೊ ಮಸುವೋಕಾ 1980ರ ದಶಕದಲ್ಲಿ ರೂಪಿಸಿದರು. 1987ರಲ್ಲಿ ಪ್ರಕಟವಾದ ನ್ಯಾಂಡ್ ಮಾದರಿಯೇ ಇಂದಿನ ಫೋನುಗಳಲ್ಲೂ ಹಾರ್ಡ್ ಡಿಸ್ಕಿನ ಬದಲು ಬಳಸುವ ಎಸ್‌ಎಸ್‌ಡಿಗಳಲ್ಲೂ ಇರುವುದು. ಅದರಲ್ಲಿ ಒಂದು ದಾಖಲೆಯನ್ನು ತಲುಪಲು ಬೇಕಾಗುವುದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ ಅಥವಾ ಅದಕ್ಕಿಂತ ಕಡಿಮೆ, ಅಂದರೆ ತಿರುಗುವ ಡಿಸ್ಕಿಗಿಂತ ನೂರು ಪಟ್ಟು ಬೇಗ. ಬ್ಯಾಂಕುಗಳ ಡೇಟಾಬೇಸ್ ಈಗ ಸಾಮಾನ್ಯವಾಗಿ ಇಂತಹ ಎಸ್‌ಎಸ್‌ಡಿಗಳ ಮೇಲೆಯೇ ಇರುತ್ತದೆ. ತಿರುಗುವ ಡಿಸ್ಕುಗಳನ್ನು ಉದ್ದೇಶಿಸಿದ್ದ ಹಳೆಯ ಸಂಪರ್ಕ ವಿಧಾನದಲ್ಲಿ 32 ಆದೇಶಗಳ ಒಂದೇ ಸರದಿ ಇತ್ತು. 2011ರಲ್ಲಿ ಬಂದ ಎನ್‌ವಿಎಂಇ ವಿಧಾನದಲ್ಲಿ ಸುಮಾರು 64 ಸಾವಿರ ಸರದಿಗಳಿಗೆ, ಪ್ರತಿಯೊಂದರಲ್ಲೂ 64 ಸಾವಿರದಷ್ಟು ಆದೇಶಗಳಿಗೆ ಅವಕಾಶವಿದೆ. 1956ರಿಂದ ಎಲ್ಲರನ್ನೂ ಕಾಯಿಸುತ್ತಿದ್ದ ತೋಳು ಹೀಗೆ ಕೊನೆಗೂ ದಾರಿ ಬಿಟ್ಟಿತು. ಆ ಜಾಗದಲ್ಲಿ ಈಗ ದೂರ ಬಂದು ನಿಂತಿದೆ.

ಆದ್ದರಿಂದ ಮೊದಲು ಅಳೆಯಿರಿ. ಶಾಖೆಯ ಒಂದು ಕಂಪ್ಯೂಟರಿನಿಂದ ಡೇಟಾ ಸೆಂಟರಿಗೆ ಪಿಂಗ್ (ಒಂದು ಚಿಕ್ಕ ಸಂದೇಶ ಹೋಗಿಬರುವ ಹೊತ್ತನ್ನು ಅಳೆಯುವ ಆದೇಶ) ಮಾಡಿಸಿ, ಬೆಳಗ್ಗೆ ಜನ ಬರುವ ಮುನ್ನ ಮತ್ತು ಮಧ್ಯಾಹ್ನದ ದಟ್ಟಣೆಯಲ್ಲಿ ಬರುವ ಅಂಕಿಗಳನ್ನು ಹೋಲಿಸಿ. ಮಧ್ಯಾಹ್ನ ಮಾತ್ರ ಅಂಕಿ ಏರಿದರೆ ಲಿಂಕಿನಲ್ಲಿ ದಟ್ಟಣೆ ಇದೆ, ಅಲ್ಲಿ ವೇಗ ಹೆಚ್ಚಿಸುವುದರಿಂದ ಪ್ರಯೋಜನವಿದೆ. ಎರಡೂ ಹೊತ್ತು 30ರ ಸುತ್ತಲೇ ಇದ್ದು ಪುಟ ತಡವಾದರೆ, ತಂತ್ರಾಂಶ ಒದಗಿಸಿದವರನ್ನು ಒಂದೇ ಪ್ರಶ್ನೆ ಕೇಳಿ: ಈ ಪುಟ ತೆರೆಯಲು ಸರ್ವರಿಗೆ ಎಷ್ಟು ಬಾರಿ ಹೋಗಿಬರುತ್ತದೆ? ಆ 200 ಪ್ರಶ್ನೆಗಳನ್ನು ಡೇಟಾಬೇಸಿನ ಪಕ್ಕದಲ್ಲೇ ಇರುವ ಯಂತ್ರ ಕೇಳಿ, ಸಿದ್ಧವಾದ ಪುಟವನ್ನು ಒಂದೇ ಬಾರಿಗೆ ಶಾಖೆಗೆ ಕಳುಹಿಸುವಂತೆ ಮಾಡಿದರೆ ಅದೇ ಲಿಂಕಿನಲ್ಲಿ ಪುಟ ಅರ್ಧ ಸೆಕೆಂಡಿನೊಳಗೆ ಬರುತ್ತದೆ.

ಡೇಟಾ ದೂರ ಹೋಗಲೇಬೇಕಿತ್ತೇ ಎಂಬ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಹೌದು. ಕೆಟ್ಟ ಡಿಸ್ಕಿನ ವಿಷಯವನ್ನು ಮೇಲೆ ಹೇಳಿದ್ದೇನೆ. ಅದಕ್ಕಿಂತ ದೊಡ್ಡ ಕಾರಣ, ಖಾತೆ ಈಗ ಶಾಖೆಯ ವೇಳೆಗೆ ಮಾತ್ರ ತೆರೆದಿರುವ ವಸ್ತುವಾಗಿ ಉಳಿದಿಲ್ಲ. ಎನ್‌ಇಎಫ್‌ಟಿ 2019ರ ಡಿಸೆಂಬರಿನಿಂದ ಹಗಲುರಾತ್ರಿ ನಡೆಯುತ್ತಿದೆ, ಯುಪಿಐ ಪಾವತಿಗೆ ವೇಳೆಯೆಂಬುದೇ ಇಲ್ಲ. ತೀರ್ಥಹಳ್ಳಿಯ ಗ್ರಾಹಕರು ನಡುರಾತ್ರಿ ಮೈಸೂರಿನ ಆಸ್ಪತ್ರೆಯಲ್ಲಿ ಹಣ ಕಟ್ಟುವಾಗ, ಬೀಗ ಹಾಕಿದ ಶಾಖೆಯೊಳಗಿನ, ಕರೆಂಟು ಹೋದರೆ ಯುಪಿಎಸ್ ಮೇಲೆ ಒಂದು ಗಂಟೆ ನಿಲ್ಲುವ ಸರ್ವರ್ ಅವರ ಬಾಕಿಯನ್ನು ಹೇಳಲಾರದು.

ಎಲ್ಲ ಡೇಟಾಕ್ಕೂ ಜಾಲವೇ ಸರಿಯಾದ ದಾರಿ ಎಂದೇನೂ ಅಲ್ಲ. 2019ರಲ್ಲಿ ಪ್ರಕಟವಾದ ಕಪ್ಪುಕುಳಿಯ ಮೊದಲ ಚಿತ್ರಕ್ಕಾಗಿ 2017ರ ಏಪ್ರಿಲಿನಲ್ಲಿ ಜಗತ್ತಿನ ಹಲವು ದೂರದರ್ಶಕಗಳು ಕಲೆಹಾಕಿದ ಸುಮಾರು 5 ಪೆಟಾಬೈಟ್ ಡೇಟಾವನ್ನು ಹಾರ್ಡ್ ಡಿಸ್ಕುಗಳಲ್ಲಿ ತುಂಬಿ ವಿಮಾನದಲ್ಲಿ ಅಮೆರಿಕ ಮತ್ತು ಜರ್ಮನಿಯ ಎರಡು ಕೇಂದ್ರಗಳಿಗೆ ಸಾಗಿಸಿದರು. ಸೆಕೆಂಡಿಗೆ 1 ಗಿಗಾಬಿಟ್ಟಿನ ಲಿಂಕಿನಲ್ಲಿ ಅಷ್ಟು ಡೇಟಾ ಸಾಗಲು 460 ದಿನಗಳಿಗೂ ಹೆಚ್ಚು ಬೇಕು. ದಕ್ಷಿಣ ಧ್ರುವದ ಡಿಸ್ಕುಗಳು ಮಾತ್ರ ಅಲ್ಲಿನ ಚಳಿಗಾಲ ಮುಗಿದು ವಿಮಾನ ಹಾರಾಟ ಆರಂಭವಾಗುವವರೆಗೆ ತಿಂಗಳುಗಟ್ಟಲೆ ಅಲ್ಲೇ ಇರಬೇಕಾಯಿತು. ಪ್ರಮಾಣ ಅಪಾರ, ವಿಳಂಬವೂ ಅಪಾರ. ಆ ಕೆಲಸಕ್ಕೆ ಅದು ನಡೆಯುತ್ತದೆ, ಕೌಂಟರಿನ ಕೆಲಸಕ್ಕೆ ನಡೆಯುವುದಿಲ್ಲ.

ಕೊನೆಯದಾಗಿ ಟೇಪಿನ ವಿಷಯ. ಟೇಪಿನ ಕಾಲ ಮುಗಿದಿಲ್ಲ. 2000ದಲ್ಲಿ 100 ಗಿಗಾಬೈಟಿನಿಂದ ಆರಂಭವಾದ ಎಲ್‌ಟಿಒ ಮಾದರಿಯ ಒಂಬತ್ತನೇ ಪೀಳಿಗೆಯ ಟೇಪು 2021ರಲ್ಲಿ 18 ಟೆರಾಬೈಟ್ ಹಿಡಿಯುವಂತಾಯಿತು, ದೊಡ್ಡ ಕಂಪನಿಗಳು ಅವನ್ನು ಇಂದೂ ಕೊಳ್ಳುತ್ತಿವೆ. 2011ರ ಫೆಬ್ರವರಿಯಲ್ಲಿ ಗೂಗಲ್‌ನ ಸಂಗ್ರಹ ತಂತ್ರಾಂಶದ ದೋಷವೊಂದರಿಂದ ಜಿಮೇಲ್ ಬಳಕೆದಾರರಲ್ಲಿ ಶೇಕಡ 0.02ರಷ್ಟು ಮಂದಿಯ ಅಂಚೆ ಮಾಯವಾಯಿತು. ಪ್ರತಿಗಳು ಹಲವು ಡೇಟಾ ಸೆಂಟರುಗಳಲ್ಲಿದ್ದರೂ ದೋಷ ಅವುಗಳನ್ನೂ ಮುಟ್ಟಿತ್ತು. ಜಾಲಕ್ಕೆ ತಗುಲಿಕೊಂಡಿರದ ಟೇಪುಗಳಿಂದಲೇ ಅದನ್ನು ಮರಳಿ ತರಲಾಯಿತು. ಡೇಟಾಕ್ಕೆ ಬೀಗ ಹಾಕಿ ಹಣ ಕೇಳುವ, ಇಂದು ಬ್ಯಾಂಕುಗಳನ್ನು ಕಾಡುವ ರ‍್ಯಾನ್ಸಮ್‌ವೇರ್ ಕೂಡ ಜಾಲದ ಮೂಲಕ ತಲುಪಬಲ್ಲ ಪ್ರತಿಗಳನ್ನೆಲ್ಲ ಹುಡುಕಿ ಕೆಡಿಸುತ್ತದೆ. ಆದ್ದರಿಂದ ನಿಮ್ಮ ಕೇಂದ್ರ ಕಚೇರಿಯಲ್ಲಿ ಜಾಲದಿಂದ ಬೇರ್ಪಟ್ಟ ಪ್ರತಿಯೊಂದು ಇದೆಯೇ ಎಂದು ಕೇಳುವುದು ನಿಮ್ಮ ಹಕ್ಕು. ಅಂತಹ ಪ್ರತಿಯನ್ನು ಎಸ್‌ಎಸ್‌ಡಿಯಲ್ಲಿ ಇಟ್ಟು ಬೀರುವಿಗೆ ಹಾಕುವುದು ಬೇಡ. ವಿದ್ಯುತ್ ಇಲ್ಲದೆ ವರ್ಷಗಟ್ಟಲೆ ಬಿಟ್ಟರೆ ಫ್ಲಾಶ್‌ನಲ್ಲಿ ಹಿಡಿದಿಟ್ಟ ವಿದ್ಯುದಂಶ ಸೋರಿಹೋಗುತ್ತದೆ.

ತಿಜೋರಿಯಲ್ಲಿರುವ ನಿಮ್ಮ ಹಳೆಯ ಟೇಪುಗಳ ಸ್ಥಿತಿ ಬೇರೆ. ಟೇಪು ಚೆನ್ನಾಗಿದ್ದರೂ ಅದನ್ನು ಓದುವ ಡ್ರೈವ್ ಸಿಗದಿದ್ದರೆ ಅದು ನಿಷ್ಪ್ರಯೋಜಕ. ಎಲ್‌ಟಿಒ ಡ್ರೈವುಗಳಲ್ಲೇ ಎಂಟು ಮತ್ತು ಒಂಬತ್ತನೇ ಪೀಳಿಗೆಯವು ತಮ್ಮ ಹಿಂದಿನ ಒಂದು ಪೀಳಿಗೆಯನ್ನು ಮಾತ್ರ ಓದುತ್ತವೆ. ಶಾಖೆಗಳಲ್ಲಿ ಬಳಕೆಯಲ್ಲಿದ್ದ ಡ್ಯಾಟ್ ಮಾದರಿಯ ಚಿಕ್ಕ ಕ್ಯಾಸೆಟ್ಟುಗಳಾದರೆ ಅವನ್ನು ಓದುವ ಹೊಸ ಡ್ರೈವ್ ಈಗ ಮಾರುಕಟ್ಟೆಯಲ್ಲಿ ಇಲ್ಲ. ಡೇಟಾ ಹೊರಬಂದರೂ ಅದನ್ನು ತೆರೆಯುವ ಡೇಟಾಬೇಸ್ ಬೇಕು. ಗ್ರಾಹಕರ ಹೆಸರು, ವಿಳಾಸಗಳನ್ನು ಎಲ್ಲ ಯಂತ್ರಗಳಿಗೂ ಸಮಾನ ಅಕ್ಷರ ಸಂಕೇತವಾದ ಯೂನಿಕೋಡಿಗೆ ಮೊದಲಿನ ಫಾಂಟ್ ಸಂಕೇತಗಳಲ್ಲಿ ಕನ್ನಡದಲ್ಲಿ ಬರೆದಿದ್ದರೆ, ಆ ಫಾಂಟ್ ಇಲ್ಲದೆ ತೆರೆದಾಗ ಅಕ್ಷರಗಳ ಬದಲು ಅರ್ಥವಿಲ್ಲದ ಚಿಹ್ನೆಗಳೇ ಕಾಣುತ್ತವೆ. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು, 'ಕ್ಷ' ಬರೆಯಲು ಒಂಬತ್ತು ಬೈಟ್. ಡಿಸ್ಕ್ ಇಷ್ಟು ಅಗ್ಗವಾಗಿರುವಾಗ ಅದೊಂದು ಖರ್ಚೇ ಅಲ್ಲ, ಯಾವ ಯಂತ್ರದಲ್ಲಿ ತೆರೆದರೂ ಅದು ಕನ್ನಡವಾಗಿಯೇ ಕಾಣುತ್ತದೆ.

ಹಳೆಯ ಡ್ರೈವ್ ಶಾಖೆಯ ಯಾವುದಾದರೂ ಮೂಲೆಯಲ್ಲಿ ಇನ್ನೂ ಕೆಲಸ ಮಾಡುತ್ತಿದ್ದರೆ, ಎಲ್ಲ ಟೇಪುಗಳನ್ನೂ ಓದಿಸಲು ಹೋಗಬೇಡಿ. ಪ್ರತಿ ವರ್ಷದ ಮಾರ್ಚ್ 31ರ ಟೇಪನ್ನು ಮಾತ್ರ ಆರಿಸಿ, ಅದರ ಡೇಟಾವನ್ನು ಡಿಸ್ಕಿಗೆ ಇಳಿಸಿ, ಲೆಡ್ಜರುಗಳನ್ನು ಯೂನಿಕೋಡಿಗೆ ಪರಿವರ್ತಿಸಿ ಸಾದಾ ಪಠ್ಯ ಮತ್ತು ಪಿಡಿಎಫ್ ಎರಡೂ ರೂಪದಲ್ಲಿ ಇಟ್ಟುಕೊಳ್ಳಿ. ಪ್ರತಿ ವರ್ಷದ ಒಟ್ಟು ಠೇವಣಿ ಮತ್ತು ಸಾಲದ ಮೊತ್ತ ಆ ವರ್ಷದ ಮುದ್ರಿತ ಆಢಾವೆ ಪತ್ರಿಕೆಗೆ ತಾಳೆಯಾದ ಮೇಲೆ, ಆಡಳಿತ ಮಂಡಳಿಯ ಒಪ್ಪಿಗೆ ಪಡೆದು, ಉಳಿದ ಟೇಪುಗಳನ್ನು ಯಾರೂ ಓದಲಾಗದಂತೆ ನಾಶಪಡಿಸಬಹುದು.